ಒಂದು ಕಾರ್ಡು ಹೆಚ್ಚು

ಅವರ ಉಗುರಿನ ಅಂಚು ಬಾಳೆನಾರಿನ ಕಲೆ ಹತ್ತಿ ಯಾವಾಗಲೂ ಕಪ್ಪಗಿರುತ್ತಿತ್ತು. ಬೆಳಿಗ್ಗೆ ಶಂಕರಪುರದ ಮನೆಯಲ್ಲಿ ಮಲ್ಲಿಗೆ ಕಟ್ಟಿಟ್ಟು, ಬಸ್ಸು ಹತ್ತಿ ಮಣಿಪಾಲಕ್ಕೆ ಬಂದು, ಅದೇ ಬೆರಳುಗಳಲ್ಲಿ ನಮ್ಮ ಕಾಲೇಜಿನ ಕಂಪ್ಯೂಟರಿಗೆ ಕಾರ್ಡು ಪಂಚ್ ಮಾಡುತ್ತಿದ್ದರು. ಅವರನ್ನು ನಾವೆಲ್ಲ ಬಾಯಮ್ಮ ಎಂದು ಕರೆಯುತ್ತಿದ್ದೆವು. ಎಂಬತ್ತರ ದಶಕದ ಆರಂಭ ಅದು. ನಾವು ಹಾಳೆಯಲ್ಲಿ ಪ್ರೋಗ್ರಾಂ ಬರೆದುಕೊಡಬೇಕು, ಅವರು ಸಾಲಿಗೊಂದು ಕಾರ್ಡಿನಂತೆ ತೂತು ಹೊಡೆಯಬೇಕು, ಕಂಪ್ಯೂಟರ್ ಆ ತೂತುಗಳನ್ನು ಓದಿ ಕೊಡುವ ಉತ್ತರ ಮರುದಿನ. "ಸ್ವಲ್ಪ ಸರಿಮಾಡಿ" ಎಂದು ಯಾರಾದರೂ ಹಲ್ಲು ಗಿಂಜಿದರೆ, "ಬರೆದದ್ದನ್ನು ಹೊಡೆಯುವುದು ನನ್ನ ಕೆಲಸ ಮಾರಾಯ, ಓದುವುದಲ್ಲ" ಎನ್ನುತ್ತಿದ್ದರು. ನಾವದನ್ನು ನಂಬಿದ್ದೆವು. ಹೂ ಕಟ್ಟುವ ಹೆಂಗಸಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು ಎಂಬ ಜಂಬ ನಮ್ಮದು.

ಪ್ರಾಯೋಗಿಕ ಪರೀಕ್ಷೆಯಲ್ಲಿ ಚೀಟಿ ಎತ್ತಿದಾಗ ನನಗೆ ಬಂದ ಪ್ರಶ್ನೆ: ಅಂಕಿಗಳ ಘನಗಳನ್ನು ಕೂಡಿದರೆ ಮತ್ತೆ ತಾನೇ ಆಗುವ ಮೂರಂಕಿಯ ಸಂಖ್ಯೆಗಳನ್ನು ಹುಡುಕಿ. ಘನ ತೆಗೆಯಲು ಕೊನೆಯಿಂದ ಒಂದೊಂದೇ ಅಂಕಿ ಕತ್ತರಿಸುತ್ತ ಹೋದರೆ ಮೂಲ ಸಂಖ್ಯೆಯೇ ಅಳಿದುಹೋಗುತ್ತದೆ. ಹೋಲಿಸಿ ನೋಡಲು ಅದನ್ನು ಮೊದಲೇ ಬೇರೆ ತೆಗೆದಿಡಬೇಕು. ಆ ಸಾಲನ್ನೇ ನಾನು ಬರೆದಿರಲಿಲ್ಲ. ಬಿಟ್ಟದ್ದೂ ನನಗೆ ಗೊತ್ತಿರಲಿಲ್ಲ. ಮರುದಿನ ನಾಲ್ಕು ಸಂಖ್ಯೆಗಳು ಅಚ್ಚಾಗಿ ಬಂದವು, ಎದೆಯುಬ್ಬಿಸಿಕೊಂಡು ತಿರುಗಿದೆ.

ಉಪನ್ಯಾಸಕರು ಹಾಳೆಗೂ ಕಾರ್ಡುಗಳಿಗೂ ತಾಳೆ ನೋಡಿದರು. ಒಂದು ಕಾರ್ಡು ಹೆಚ್ಚಿತ್ತು.

"ಇದನ್ನು ಯಾರು ಸೇರಿಸಿದ್ದು? ನಕಲು ಅಂತಾದರೆ ವರ್ಷವೇ ಹೋಗುತ್ತದೆ, ಗೊತ್ತುಂಟಲ್ಲ?"

ಬಾಯಮ್ಮ ಕುರ್ಚಿಯಿಂದ ಎದ್ದರು.

"ನಾನು ಸರ್. ಅವನಿಗೆ ಗೊತ್ತೇ ಇಲ್ಲ."

"ನಿಮಗೆ ಪ್ರೋಗ್ರಾಂ ಬರುತ್ತದಾ?"

"ಬಾರದೆ ಎಂತ ಸರ್? ಆರು ವರ್ಷದಿಂದ ಇವರ ತಪ್ಪುಗಳನ್ನೇ ಹೊಡೆಯುತ್ತಾ ಇದ್ದೇನಲ್ಲ."

ನನಗೆ ಮರುಪರೀಕ್ಷೆ ಸಿಕ್ಕಿತು. ಅವರನ್ನು ಹಾಸ್ಟೆಲ್ ಆಫೀಸಿನ ಟೈಪ್‌ರೈಟರಿಗೆ ಕಳಿಸಿದರು, ಕಂಪ್ಯೂಟರ್ ಕೋಣೆಗೆ ಮತ್ತೆ ಕಾಲಿಡಬಾರದೆಂದು ಹೇಳಿ. ಅವರ ಪರವಾಗಿ ಒಂದು ಮಾತಾಡಬಹುದಿತ್ತು. ನಾನು ಹೇಡಿ, ಆಡಲಿಲ್ಲ.

ಬಾಯಮ್ಮ ತೀರಿಕೊಳ್ಳುವ ಹಿಂದಿನ ವರ್ಷ ಕಾಪು ಬಸ್ ನಿಲ್ದಾಣದಲ್ಲಿ ಸಿಕ್ಕರು. ಅಷ್ಟರಲ್ಲಿ ನಾನು ಕಾರ್ಕಳದಲ್ಲಿ ಗಣಿತ ಕಲಿಸುತ್ತಿದ್ದೆ. ಅಷ್ಟು ದಿನ ಎದೆಯಲ್ಲಿಟ್ಟುಕೊಂಡಿದ್ದನ್ನು ಅಲ್ಲೇ ನಿಂತು ಹೇಳಿದೆ: "ನನಗೋಸ್ಕರ ನೀವು ಆ ಕೆಲಸ ಕಳಕೊಂಡಿರಿ."

"ನಿನಗೋಸ್ಕರ ಯಾರು ಮಾಡಿದ್ದು ಮಾರಾಯ?" ಎಂದು ನಕ್ಕರು. "ಅಂಥ ಸಂಖ್ಯೆ ಯಾವುದೆಲ್ಲ ಉಂಟು ಅಂತ ನನಗೆ ನೋಡಬೇಕಿತ್ತು. ನೀನು ಬಿಟ್ಟ ಆ ಒಂದು ಸಾಲಿಲ್ಲದೆ ಅದು ಬರುತ್ತಿರಲಿಲ್ಲ, ಅಲ್ವಾ?"

ಬಳಿಕ ಬೆರಳು ಮಡಚುತ್ತ ನಾಲ್ಕನ್ನೂ ಹೇಳಿದರು: ನೂರೈವತ್ತಮೂರು, ಮುನ್ನೂರೆಪ್ಪತ್ತು, ಮುನ್ನೂರೆಪ್ಪತ್ತೊಂದು, ನಾನೂರೇಳು.

ಮರುಪರೀಕ್ಷೆಯಲ್ಲಿ ಎಷ್ಟು ಅಂಕ ಬಂತೆಂಬುದು ನನಗೆ ಚೆನ್ನಾಗಿ ನೆನಪಿತ್ತು. ಆ ನಾಲ್ಕರಲ್ಲಿ ಒಂದೂ ನೆನಪಿರಲಿಲ್ಲ.