ಕೀಬೋರ್ಡಿಗೆ ಕಾಯುವುದನ್ನು ಕಲಿಸಿದ ಪರಿಮಳಾ

ಬೆಳಗಿನ ಆರೂವರೆ. ಶಹಾಪುರದ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಪರಿಮಳಾ ಟೋಕನ್ ಯಂತ್ರದ ಗಾಜು ಒರೆಸುತ್ತಿದ್ದಾರೆ. ಮೇಲೆಲ್ಲ ನಿನ್ನೆ ಬಂದವರ ಬೆರಳಚ್ಚು, ಕಣ್ಣಿನ ಮುಲಾಮಿನ ಜಿಡ್ಡು. ಸುರಪುರದ ಮೊದಲ ಬಸ್ಸಿಗೆ ಬಂದವರು ಆಗಲೇ ಮೆಟ್ಟಿಲ ಮೇಲೆ ಕೂತಿದ್ದಾರೆ.

ಸಗರದ ಪರಿಮಳಾ ಅವರಿಗೆ ನಲವತ್ತಾರು. ಓದಿದ್ದು ಐದನೇ ತರಗತಿ. ಹತ್ತಿ ಮಿಲ್ಲಿನಲ್ಲಿ ಹಮಾಲರಾಗಿದ್ದ ಗಂಡ ಈಶಪ್ಪನವರ ಬೆನ್ನು ಕೆಟ್ಟ ವರ್ಷ ಹೊಲದ ಕೂಲಿ ಬಿಟ್ಟು ಇಲ್ಲಿ ಆಯಾ ಆದರು. ಹನ್ನೊಂದು ವರ್ಷವಾಯಿತು. ನೆಲ ಒರೆಸಬೇಕು, ಹಾಸಿಗೆ ಬದಲಿಸಬೇಕು, ದಿನಕ್ಕೆ ನೂರಿಪ್ಪತ್ತು ರೋಗಿಗಳನ್ನು ಕೈಹಿಡಿದು ಒಳಗೆ ಕರೆದೊಯ್ಯಬೇಕು. ಯಂತ್ರದ ಉಸಾಬರಿ ಅವರ ಕೆಲಸವಲ್ಲ.

ಎರಡು ವರ್ಷದ ಹಿಂದೆ ಯಂತ್ರ ಬಂದ ಹೊಸದರಲ್ಲಿ, ಗಾಜು ಮುಟ್ಟಿದ ಕೂಡಲೇ ಕೆಳಗಿನಿಂದ ಕೀಬೋರ್ಡ್ ಎದ್ದು ಅರ್ಧ ಪರದೆಯನ್ನು ಮುಚ್ಚುತ್ತಿತ್ತು. ಹೊಸಬರು, ಹಳಬರು, ಆಪರೇಷನ್ ಆದವರು ಎಂದು ತೋರಿಸುವ ಚಿತ್ರಗಳು ಅದರಡಿ ಅಡಗುತ್ತಿದ್ದವು. ಬರೆಯಲು ಬಾರದವರು ಒಂದು ಗಳಿಗೆ ನಿಂತು ಹಿಂದೆ ಸರಿಯುತ್ತಿದ್ದರು. ಒಂದು ಬೆಳಿಗ್ಗೆ ಪರಿಮಳಾ ಎಣಿಸಿದರು: ಹದಿನಾಲ್ಕು ಮಂದಿ. ಮೇಲಿನವರಿಗೆ ಹೇಳಿದರೆ, ಜನಕ್ಕೆ ರೂಢಿಯಾಗುತ್ತದೆ ಬಿಡು ಎಂದರು.

ಅದೇ ವಾರ ದೇವಾಪುರದ ಖುರ್ಷೀದಬೇಗಂ ಆಪರೇಷನ್ ನಂತರದ ತಪಾಸಣೆಗೆ ಒಬ್ಬರೇ ಬಂದರು. ಪರಿಮಳಾ ಇನ್ನೊಬ್ಬ ರೋಗಿಯನ್ನು ಒಳಗೆ ಕೂರಿಸಿ ಬರುವಷ್ಟರಲ್ಲಿ ಅವರಿಲ್ಲ. ಹುಡುಕುತ್ತ ಓಡಿದಾಗ ಬಸ್ ನಿಲ್ದಾಣದಲ್ಲಿ ಸಿಕ್ಕರು. "ಅದು ಓದಿದವ್ರ ಮಷೀನ್ ಅದ ಯವ್ವಾ, ನನಗ ಬರಂಗಿಲ್ಲ" ಎಂದರಂತೆ ಆ ಅಜ್ಜಿ. ಕಣ್ಣು ಕೆಂಪಾಗಿ ನೀರು ಸೋರುತ್ತಿತ್ತು. ಕೈಹಿಡಿದು ವಾಪಸ್ ಕರೆತಂದರು. ಸೋಂಕು ಶುರುವಾಗಿದೆ, ಇನ್ನೆರಡು ದಿನ ತಡವಾಗಿದ್ದರೆ ಕಣ್ಣು ಉಳಿಯುವುದು ಕಷ್ಟವಿತ್ತು ಎಂದರು ಡಾಕ್ಟರು.

ಯಂತ್ರ ನೋಡಿಕೊಳ್ಳುವ ತೌಫೀಕ್ ಯಾದಗಿರಿಯಿಂದ ಬಂದ ದಿನ ಪರಿಮಳಾ ಬಕೆಟ್ ಕೆಳಗಿಟ್ಟು ಅವರನ್ನು ನಿಲ್ಲಿಸಿಕೊಂಡರು.

"ಮನಿಗಿ ಬಂದವ್ರಿಗಿ ಮೊದ್ಲ ಏನ್ ಬೇಕ್ರಿ ಅಂತ ಕೇಳ್ತೀವಿ. ಬಂದ ಕೂಡ್ಲೆ ಹೆಸರು ಬರೀರಿ ಅಂತ ಕೈಯಾಗ ಪಾಟಿ ಬಳಪ ಕೊಡ್ತೀವೇನ್ರಿ? ಬರಿಯೋ ಜಾಗ ಮುಟ್ಟಿದ್ರ ಅಕ್ಷರ ಬರ್ಲಿ. ಮುಟ್ಟಲಾರದ ಬರೂದು ಬ್ಯಾಡ."

ತೌಫೀಕ್ ಅರ್ಧ ದಿನ ಅವರ ಪಕ್ಕದಲ್ಲೇ ನಿಂತು ರೋಗಿಗಳನ್ನು ನೋಡಿದರು. ಮರುವಾರ ಯಂತ್ರ ಬದಲಾಯಿತು. ಈಗ ಮೊದಲು ಚಿತ್ರಗಳಷ್ಟೇ. ಹೆಸರಿನ ಚೌಕ ಮುಟ್ಟಿದರೆ ಅಕ್ಷರ, ಮೊಬೈಲ್ ನಂಬರಿನ ಚೌಕ ಮುಟ್ಟಿದರೆ ಬರೀ ಅಂಕಿ. ಆಪರೇಷನ್ ಆದವರು ಕಣ್ಣಿನ ಪಟ್ಟಿಯ ಚಿತ್ರ ಒತ್ತಿದರೆ ಸಾಕು, ಟೋಕನ್ ಬರುತ್ತದೆ. ಟೋಕನ್ ತೆಗೆಯಲು ದಿನಕ್ಕೆ ಏಳೆಂಟು ಮಂದಿ ಮಾತ್ರ ಪರಿಮಳಾರನ್ನು ಕರೆಯುತ್ತಾರೆ. ಹೋದ ತಿಂಗಳು ಖುರ್ಷೀದಬೇಗಂ ತಾವೇ ಒತ್ತಿ ಚೀಟಿ ತೆಗೆದುಕೊಂಡು, ಅದನ್ನು ಪರಿಮಳಾರಿಗೆ ತೋರಿಸಿ ನಕ್ಕರಂತೆ. ಇದನ್ನು ಹೇಳುವಾಗ ಪರಿಮಳಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಾವೂ ನಗುತ್ತಾರೆ.

ನಿಮಗೇನು ಬೇಕು ಎಂದು ಕೇಳಿದೆ. ಸಂಬಳದ ಮಾತು ಬಂದೀತು ಅಂದುಕೊಂಡಿದ್ದೆ.

"ಗಾಜು ಎತ್ತರ ಆಗ್ಯಾದ್ರಿ. ಬೆನ್ನು ಬಾಗಿದ ಮುದುಕೇರಿಗಿ ನಿಲುಕಂಗಿಲ್ಲ. ಒಂದು ಗೇಣು ಕೆಳಗ ಇಳಿಸಿದ್ರ ಸಾಕು. ತೌಫೀಕ್ ಸಾಹೇಬ್ರಿಗಿ ಹೇಳೀನಿ."