ಬಂದವರಿಗೆ ಎತ್ತಿಟ್ಟ ಉಸಿರು

ನಮ್ಮ ಮನೆಯಲ್ಲಿ ಒಳ್ಳೆಯದೆಲ್ಲ ಬಂದವರಿಗೆ. ಹೊಸ ಹೊದಿಕೆ ಬಂದವರಿಗೆ, ಹಲಸಿನ ಹಣ್ಣಿನಲ್ಲಿ ದಪ್ಪ ತೊಳೆ ಬಂದವರಿಗೆ, ಫ್ಯಾನಿನ ಕೆಳಗಿನ ಕುರ್ಚಿ ಬಂದವರಿಗೆ. ಮನೆಯವರು ಉಳಿದದ್ದರಲ್ಲಿ ಸುಧಾರಿಸಿಕೊಳ್ಳಬೇಕು. ನಮ್ಮಮ್ಮ ಪಟಾಲಮ್ಮ ಕಲಿಸಿದ್ದು ಇದನ್ನೇ. ನಾನು ಗೊಣಗಿಕೊಂಡೇ ಬೆಳೆದೆ. ನಮ್ಮಣ್ಣ ಕೆಂಪರಾಜ ಮಾತ್ರ ಚಾಚೂ ತಪ್ಪದೆ ಪಾಲಿಸಿದ. ಅವನ ವಿಷಯ ಹೇಳಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು, ಅಳು ಆಮೇಲೆ.

ನಮ್ಮದು ಕೆ.ಆರ್. ಪುರದಿಂದಾಚೆಗಿನ ಹಳೆಯ ಊರು. ಅಪ್ಪ ಮುನಿಆಂಜನಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಬಡಾವಣೆಯಾಯಿತು. ಹೊಲದಂಚಿನ ಬಂಡೆಯನ್ನು ಅದಕ್ಕೂ ಮೊದಲೇ ಕಲ್ಲು ಒಡೆಯುವವರಿಗೆ ಗುತ್ತಿಗೆಗೆ ಕೊಟ್ಟಿದ್ದರು. ಅವರು ಬಂಡೆಯನ್ನು ಬುಡಸಮೇತ ಎತ್ತಿಕೊಂಡು ಹೋದರು, ಗುಂಡಿ ನಮಗೆ ಉಳಿಯಿತು. ಒರತೆಯ ನೀರು, ಮಳೆಯ ನೀರು ಸೇರಿ ಕ್ವಾರಿ ತುಂಬಿತು. ಅಣ್ಣ ಜೋಗುಪಾಳ್ಯದಲ್ಲಿ ಕಟ್ಟಿಸಿದ ಮನೆಯಲ್ಲಿ ಹೆಂಡತಿ ಸುಕನ್ಯಳ ಜೊತೆ ಆರಾಮಾಗಿದ್ದ. ಬಾಡಿಗೆ ಬರುತ್ತಿತ್ತು, ಯಾರ ಮುಂದೂ ಕೈ ಕಟ್ಟಿ ನಿಲ್ಲಬೇಕಿರಲಿಲ್ಲ.

ತೊಂಬತ್ತನಾಲ್ಕರಲ್ಲಿ ಜಟ್ಟೆಮ್ಮ ಎಂಬ ಕೂಲಿ ಹೆಂಗಸು ಬಟ್ಟೆ ಒಗೆಯಲು ಹೋಗಿ ಕ್ವಾರಿಗೆ ಬಿದ್ದಳು. ದಿನಗಟ್ಟಲೆ ಹೆಣ ಸಿಗಲಿಲ್ಲ. ಅವಳ ಮಕ್ಕಳು ದಡದಲ್ಲೇ ಮಲಗಿದ್ದವು. ಅಣ್ಣನಿಗೆ ಅನ್ನ ಸೇರದಾಯಿತು. ಅದು ನಮ್ಮ ಬಂಡೆ, ನಮ್ಮಪ್ಪ ಕೊಟ್ಟಿದ್ದಕ್ಕೇ ಗುಂಡಿಯಾಯಿತು ಎಂದು ಒಂದೇ ರಾಗ. ಕೊನೆಗೆ ಪೊಲೀಸರು ಹಲಸೂರಿನಿಂದ ಅಹ್ಮದ್ ಪಾಷಾ ಅವರನ್ನು ಕರೆತಂದರು. ಸೈನ್ಯದಲ್ಲಿ ನೀರಿಗಿಳಿಯುವ ಕೆಲಸ ಮಾಡಿ ನಿವೃತ್ತರಾದವರು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿದು, ಜಟ್ಟೆಮ್ಮನನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದರು. ಅಣ್ಣ ಅವತ್ತೇ ಅವರ ಹಿಂದೆ ಬಿದ್ದ, ತನಗೂ ಕಲಿಸಿ ಎಂದ.

ಆಮೇಲೆ ಅವರದು ಜೋಡಿ. ಹಲಸೂರು ಕೆರೆ, ಹಾಳು ಬಾವಿ, ಕ್ವಾರಿ, ಎಲ್ಲಿ ಯಾರು ಮುಳುಗಿದರೂ ಠಾಣೆಯಿಂದ ಇವರಿಬ್ಬರಿಗೆ ಕರೆ. ಅಣ್ಣ ಹೆಣದ ವಾಸನೆ ಹೊತ್ತು ಮನೆಗೆ ಬರುತ್ತಿದ್ದ. ಸುಕನ್ಯ ಬಾಗಿಲಲ್ಲೇ ಬಿಸಿನೀರು ಕೊಡುತ್ತಿದ್ದಳು. ಜನ ಬದುಕಿದವರನ್ನು ಕಾಪಾಡುತ್ತಾರೆ, ನಮ್ಮಣ್ಣ ಸತ್ತವರನ್ನು ಕಾಪಾಡುತ್ತಾನೆ ಎಂದು ನಾನು ರೇಗಿಸುತ್ತಿದ್ದೆ. ಅವನು ನಗುತ್ತಿರಲಿಲ್ಲ.

ಕ್ವಾರಿಗಳು ಆಳವಾದಂತೆಲ್ಲ ಒಂದು ಸಿಲಿಂಡರಿನ ಗಾಳಿ ಸಾಲದಾಯಿತು. ಆಳದಲ್ಲಿ ಗಾಳಿ ಬೇಗ ಖರ್ಚಾಗುತ್ತದಂತೆ. ಎರಡು ಸಿಲಿಂಡರು ಜೋಡಿಸಿಕೊಂಡು ಇಳಿಯುವುದು ಎಂದು ತೀರ್ಮಾನವಾಯಿತು. ಅರವತ್ತು ದಾಟಿದ ಪಾಷಾ ಭಾಯ್ ಬೆನ್ನು ಆ ಭಾರ ತಡೆಯುತ್ತಿರಲಿಲ್ಲ. ಜೋಡಿ ಅಣ್ಣನ ಬೆನ್ನಿಗೆ, ಅವರ ಬೆನ್ನಿಗೆ ಎಂದಿನಂತೆ ಒಂದೇ. ಕೆಳಗೆ ಅವರಿಗೇನಾದರೂ ಆದರೆ ಅಣ್ಣನ ಜೋಡಿ ಸಿಲಿಂಡರೇ ಗತಿ.

ಸಿಲಿಂಡರಿನೊಳಗಿನ ಗಾಳಿ ಅದುಮಿ ತುಂಬಿದ್ದು, ನೇರ ಬಾಯಿಗೆ ಬಿಟ್ಟುಕೊಳ್ಳುವ ಹಾಗಿಲ್ಲ. ಉಸಿರೆಳೆದಾಗ ಎಳೆದಷ್ಟೇ ಕೊಡುವ ಯಂತ್ರ ರೆಗ್ಯುಲೇಟರ್. ಒಂದು ತುದಿ ಸಿಲಿಂಡರಿಗೆ, ಇನ್ನೊಂದು ಬಾಯಿಗೆ, ನಡುವೆ ರಬ್ಬರ್ ಪೈಪು. ಜೋಡಿ ಸಿಲಿಂಡರಿಗೆ ಎರಡು ಬೇಕು, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಎರಡು ಸಾವಿರದ ನಾಲ್ಕರಲ್ಲಿ ಅವನ್ನು ಆರಿಸಲು ಶಿವಾಜಿನಗರದ ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಗೆ, ಸಿಂಗಪುರದಿಂದ ಸಾಮಾನು ತರಿಸುವ ಖುರ್ಷೀದ್ ಅಂಗಡಿಗೆ ಹೋದರು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸೀರೆ ನೋಡಬೇಕಿದ್ದ ನಾನೂ ಜೊತೆಗಿದ್ದೆ. ಅವರು ಆರಿಸಿದಷ್ಟು ಹೊತ್ತು ನಾನು ಜನ್ಮದಲ್ಲಿ ಸೀರೆ ಆರಿಸಿಲ್ಲ.

ಖುರ್ಷೀದ್ ಎರಡು ಬಗೆ ತೋರಿಸಿದ. ಒಂದರೊಳಕ್ಕೆ ನೀರು ಹೊಕ್ಕು ಹೊರಗೆ ಹೋಗುತ್ತದೆ, ಶುದ್ಧ ಸಮುದ್ರದಲ್ಲಿ ಚಿಂತೆಯಿಲ್ಲ. ಇನ್ನೊಂದು ಸೀಲು ಮಾಡಿದ್ದು, ಕೆಸರು ಒಳಗೆ ಹೋಗದು. ಅಣ್ಣನ ಮತ್ತು ಪಾಷಾ ಭಾಯ್ ಅವರ ಹಳೆಯ ರೆಗ್ಯುಲೇಟರುಗಳು ಮೊದಲನೆಯ ಬಗೆಯವು. ಕ್ವಾರಿಯ ತಳದಲ್ಲಿ ಕಲ್ಲಿನ ಪುಡಿ ಹಿಟ್ಟಿನಂತೆ ಕೂತಿರುತ್ತದೆ, ಅದು ಒಳಗೆ ಸೇರಿದರೆ ಗಾಳಿ ನಿಲ್ಲದೆ ಸುರಿದು ಸಿಲಿಂಡರು ಖಾಲಿ. ಸೀಲು ಮಾಡಿದ್ದೇ ತಗೋ, ಎರಡೂ ಒಂದೇ ತೆರನವು ತಗೋ, ಸಿಲಿಂಡರಿಗೆ ಕ್ಲಾಂಪಿನಲ್ಲಿ ಕಚ್ಚಿಸುವುದು ಬೇಡ, ತಿರುಪಿ ಕೂರಿಸುವುದೇ ಇರಲಿ ಎಂದು ಪಾಷಾ ಭಾಯ್ ಬಿಡಿಸಿ ಹೇಳಿದರು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಕೊನೆಯಲ್ಲಿ ಹೇಳಿದರು.

"ಯಾರಿಗಾದ್ರೂ ಗಾಳಿ ಕೊಡ್ಬೇಕಾದ್ರೆ ನಿನ್ನ ಬಾಯಲ್ಲಿರೋದನ್ನೇ ತೆಗೆದು ಕೊಡ್ಬೇಕು. ಅದು ಈಗ ಕೆಲಸ ಮಾಡ್ತಾ ಐತೆ ಅಂತ ನಿಂಗೆ ಗೊತ್ತು. ನೇತಾಡ್ತಾ ಇರೋದ್ರ ಕತೆ ಯಾರಿಗೆ ಗೊತ್ತು?"

ಅಣ್ಣ ನಾಚಿಕೊಂಡು ಕೆಳಗೆ ನೋಡಿದ. "ನನ್ನ ಎಂಜಲು ನಿಮ್ಮ ಬಾಯಿಗೆ ಇಡೋಕಾಗಲ್ಲ ಭಾಯ್," ಅಂದ.

ಪಾಷಾ ಭಾಯ್ ನಕ್ಕು, ನೀರಿನಲ್ಲಿ ಎಂಜಲು ಎಲ್ಲಿಂದ ಬಂತು ಎಂದರು. ಆದರೆ ಅಣ್ಣ ಕೊಂಡದ್ದು ಒಂದೇ, ಇದ್ದದ್ದರಲ್ಲಿ ಅತಿ ಒಳ್ಳೆಯದು, ಸೀಲು ಮಾಡಿದ್ದು. ಎರಡು ಕೊಳ್ಳಲು ದುಡ್ಡಿಗೇನೂ ಬರವಿರಲಿಲ್ಲ. ತನಗೆ ಹಳೆಯದೇ ಸಾಕು ಎಂದ. ಹೊಸದು, ಕೆಳಗೆ ಪಾಷಾ ಭಾಯ್‌ಗೆ ಗಾಳಿ ಬೇಕಾದರೆ ಕೊಡಲು ಎಂದು ಎತ್ತಿಟ್ಟ ಹಾಗೆ. ಹಾಗಾದರೆ ಅವರ ಸಿಲಿಂಡರಿಗೇ ಹಾಕಿಬಿಡು ಎಂದು ನಾನು ಹೇಳಿದೆ. ಅವರ ಹಳೇ ಸಿಲಿಂಡರಿನ ಕತ್ತಿಗೆ ಅದು ತಿರುಪಿ ಕೂರುವುದಿಲ್ಲ, ನಿನಗೇನು ಗೊತ್ತು ಎಂದು ನನ್ನ ಬಾಯಿ ಮುಚ್ಚಿಸಿದ.

ಹೊಸದನ್ನು ಉದ್ದ ಪೈಪಿಗೆ ಸೇರಿಸಿ ಎದೆಯ ಮೇಲೆ ಕಟ್ಟಿಕೊಂಡ. ಅದರ ಬಾಯಿಗಿಡುವ ರಬ್ಬರಿಗೆ ಪಾಲಿಥೀನ್ ಕವರು ಸುತ್ತಿ, ರಬ್ಬರ್ ಬ್ಯಾಂಡು ಬಿಗಿದ. ಕೆಸರು ತಾಗಬಾರದಂತೆ, ತನ್ನ ಉಸಿರೂ ತಾಗಬಾರದಂತೆ. ಹೊಸ ಸ್ಕೂಟರಿನ ಸೀಟಿನ ಪ್ಲಾಸ್ಟಿಕ್ಕನ್ನು ವರ್ಷಗಟ್ಟಲೆ ಕೀಳದ ಜನ ನಾವು. ಇದು ನಮಗೆ ವಿಚಿತ್ರವೆನಿಸಲಿಲ್ಲ. ಈಜುಕೊಳದಲ್ಲಿ ಅಭ್ಯಾಸ ಮಾಡುವಾಗ ಅಣ್ಣ ಪ್ರತಿ ಸಲ ಕವರು ಕಿತ್ತು ಅದನ್ನೇ ಕೊಡುತ್ತಿದ್ದ. ಪಾಷಾ ಭಾಯ್ ಮೊದಮೊದಲು ಬೈದರು, ಆಮೇಲೆ ತೆಗೆದುಕೊಂಡರು. ಅವರ ಮೇಲೂ ನನಗೆ ಸಿಟ್ಟಿದೆ. ಅಷ್ಟು ಮರ್ಯಾದೆ ಮಾಡುವ ಶಿಷ್ಯ ಯಾರಿಗೆ ಬೇಡ?

ಎರಡು ವರ್ಷದ ಮೇಲೆ, ಒಂದು ಮಧ್ಯಾಹ್ನ, ನಮ್ಮೂರಿನ ಅದೇ ಕ್ವಾರಿಗೆ ಮಣ್ಣು ಸುರಿಯಲು ಬಂದ ಲಾರಿ ಹಿಂದಕ್ಕೆ ಜಾರಿ ಮುಳುಗಿತು. ಚಾಲಕ ಒಳಗೇ ಇದ್ದ. ಅಮ್ಮನನ್ನು ನೋಡಲು ಬಂದಿದ್ದ ನಾನು ಊರಿನವರ ಜೊತೆ ದಡದಲ್ಲಿ ನಿಂತೆ. ಅಣ್ಣ, ಪಾಷಾ ಭಾಯ್ ಹಗ್ಗ ಹಿಡಿದು ಇಳಿದರು. ಗುಳ್ಳೆಗಳು ಏಳುತ್ತಿದ್ದವು. ಒಮ್ಮೆಗೇ ನೀರು ಕುದಿದಂತೆ ಗುಳ್ಳೆ ಬಂತು, ಆಮೇಲೆ ಕಡಿಮೆಯಾಯಿತು.

ಕೆಳಗೆ ಆದದ್ದನ್ನು ಅಣ್ಣ ನನಗೆ ಎಷ್ಟೋ ಸಲ ಹೇಳಿದ್ದಾನೆ. ಲಾರಿಯ ಬಾಗಿಲು ಎಳೆದಾಗ ತಳದ ಪುಡಿಯೆಲ್ಲ ಎದ್ದು ಕಣ್ಣಿಗೆ ಕೈಯೂ ಕಾಣದಾಯಿತು. ಪಾಷಾ ಭಾಯ್ ರೆಗ್ಯುಲೇಟರಿಗೆ ಪುಡಿ ಹೊಕ್ಕು ಗಾಳಿ ಭೋರೆಂದು ಸುರಿದು ಮುಗಿಯಿತು. ಅವರು ಅಣ್ಣನ ಭುಜ ಹಿಡಿದು, ಕೈ ನೇರ ಅಣ್ಣನ ಬಾಯಿಯ ಹತ್ತಿರ ತಂದರು. ಅಲ್ಲಿರುವುದನ್ನೇ ಕೊಡು ಎಂದು ಅದರ ಅರ್ಥ. ಅಣ್ಣ ಆ ಕೈಯನ್ನು ಪಕ್ಕಕ್ಕೆ ಸರಿಸಿದ. ಎದೆಯ ಮೇಲಿನ ಹೊಸದನ್ನು ಬಿಚ್ಚಿದ. ಚಳಿಗೆ ಬೆರಳು ಸೆಟೆದಿದ್ದವು, ರಬ್ಬರ್ ಬ್ಯಾಂಡು ಬಂತು, ಕವರು ಅರ್ಧ ಹರಿದು ಅರ್ಧ ಅಲ್ಲೇ ಅಂಟಿಕೊಂಡಿತು. ಅಷ್ಟರಲ್ಲಿ ಅವರೇ ಅದನ್ನು ಕಸಿದು ಬಾಯಿಗಿಟ್ಟುಕೊಂಡು ಎಳೆದರು. ಗಾಳಿಯ ಬದಲು ಪ್ಲಾಸ್ಟಿಕ್ ಬಂತು, ಅದನ್ನು ಉಗುಳುವಾಗ ನೀರು ಒಳಗೆ ಹೋಯಿತು. ಅಣ್ಣ ಆಗ ತನ್ನ ಬಾಯಲ್ಲಿದ್ದುದನ್ನು ಕಿತ್ತು ಚಾಚಿದ. ಅವರ ಕೈ ಭುಜದ ಮೇಲೆ ಇರಲಿಲ್ಲ. ಕತ್ತಲಲ್ಲಿ ಸುತ್ತ ತಡಕಿದ, ಲಾರಿಯ ಚಕ್ರ ಸಿಕ್ಕಿತು, ಅವರು ಸಿಗಲಿಲ್ಲ.

ಅಣ್ಣ ಒಬ್ಬನೇ ಮೇಲೆ ಬಂದ. ಮೂಗಿನಿಂದ ರಕ್ತ ಬರುತ್ತಿತ್ತು. ಮತ್ತೆ ಇಳಿಯುತ್ತೇನೆಂದು ಹಟ ಮಾಡಿದ. ಪೊಲೀಸರು ಹಿಡಿದು ಕೂರಿಸಿದರು, ಅಷ್ಟು ಆಳದಿಂದ ಬಂದ ಕೂಡಲೇ ಮತ್ತೆ ಇಳಿದಿದ್ದರೆ ಅವನೂ ಉಳಿಯುತ್ತಿರಲಿಲ್ಲ. ಆ ಆಳಕ್ಕೆ ಇಳಿಯಬಲ್ಲವರು ಬೇರೆ ಯಾರೂ ಹತ್ತಿರದಲ್ಲಿರಲಿಲ್ಲ. ಮಾರನೆಯ ಬೆಳಿಗ್ಗೆ ಅವನೇ ಇಳಿದು ತನ್ನ ಗುರುವನ್ನು ತಂದ, ಆಮೇಲೆ ಚಾಲಕನನ್ನೂ ತಂದ. ದಡದಲ್ಲಿ ಪಾಷಾ ಭಾಯ್ ಗಡ್ಡಕ್ಕೆ ಅಂಟಿದ್ದ ಕಲ್ಲಿನ ಪುಡಿಯನ್ನು ತನ್ನ ಅಂಗಿಯಿಂದ ಒರೆಸಿದ. ನನಗೆ ನೋಡಲಾಗಲಿಲ್ಲ.

ಮಣ್ಣು ಮಾಡಿದ ಕೆಲವು ದಿನಗಳ ಮೇಲೆ ಹಲಸೂರಿನ ಅವರ ಮನೆಗೆ ಹೋದೆವು. ಅವರ ಹೆಂಡತಿ ಜಹನಾರಾ ಭಾಭಿ ಗೋಡೆಗೊರಗಿ ಕೂತಿದ್ದರು. ಪೊಲೀಸರು ರೆಗ್ಯುಲೇಟರ್ ಕೆಟ್ಟು ಸತ್ತರು ಎಂದಷ್ಟೇ ಹೇಳಿದ್ದರು. ಅಣ್ಣ ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಪಾಲಿಥೀನ್ ಕವರು ಸುತ್ತಿದ್ದು, ಅವರ ಕೈ ಸರಿಸಿದ್ದು, ಒಂದನ್ನೂ ಮುಚ್ಚಿಡದೆ ಹೇಳಿದ. ಮುಗಿದ ಮೇಲೆ ಭಾಭಿ ಕೇಳಿದರು.

"ನಿನ್ನ ಬಾಯಲ್ಲಿ ಇದ್ದಿದ್ದು ಚೆನ್ನಾಗೇ ಇತ್ತಾ?"

"ಇತ್ತು ಭಾಭಿ."

"ಮತ್ತೆ ಅದ್ಯಾಕೆ ಕೊಡ್ಲಿಲ್ಲ?"

"ಎಂಜಲು ಅಂತ," ಅಂದ ಅಣ್ಣ. ಅವನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ, ಭಾಭಿಗೆ ಕೇಳಿಸಿತು.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಮದ್ವೆ ಆದಾಗಿಂದ ಅವ್ರೂ ನಾನೂ ಒಂದೇ ಲೋಟದಾಗೆ ಚಾ ಕುಡಿದಿದ್ದು ಬೇಟಾ," ಅಂದರು. "ಅರ್ಧ ನಾನು ಕುಡಿದು ಕೊಟ್ರೇನೇ ಅವ್ರು ಕುಡೀತಿದ್ರು. ಅವ್ರಿಗೆ ಎಂಜಲು ಬೇಡ ಅಂತ ನಿಂಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ.