ಹಬಸಿ ಅಜ್ಜನ ಎಡೆ

ನಿವೃತ್ತರಾದವರು ತೀರ್ಥಯಾತ್ರೆ ಮಾಡುತ್ತಾರೆ, ಇಲ್ಲವೇ ಸಕ್ಕರೆ ಕಾಯಿಲೆ ಸಾಕುತ್ತಾರೆ. ಎರಡನೆಯದನ್ನು ನಾನು ನೌಕರಿಯಲ್ಲಿದ್ದಾಗಲೇ ಶುರು ಮಾಡಿದ್ದರಿಂದ ಮನೆಯಲ್ಲೇ ಕೂತು ಓದುವ ಎಂ.ಎ.ಗೆ ಹೆಸರು ಹಚ್ಚಿದೆ. ವಿಷಯ, ಆಫ್ರಿಕದಿಂದ ಜಗತ್ತಿನ ತುಂಬ ಚದುರಿಹೋದ ಜನ. ಜೋರಾಪುರ ಪೇಟೆಯ ನಮ್ಮ ಓಣಿ ಇದನ್ನು ಸಾವಿನ ಸುದ್ದಿಗೆ ಸಲ್ಲುವ ಗಾಂಭೀರ್ಯದಿಂದ ಸ್ವೀಕರಿಸಿತು. ಎದುರಿನ ಕಿರಾಣಿ ಅಂಗಡಿಯವರು ಮಾತ್ರ, "ಪಾಸಾದ್ರ ಅಲ್ಲೇ ನೌಕರಿ ಕೊಡ್ತಾರೇನ್ರಿ ಮಾಸ್ತರ?" ಎಂದು ಕೇಳಿದರು.

ಆಫ್ರಿಕ ಅಷ್ಟು ದೂರವೇನಲ್ಲ. ಬಾದಶಹರ ಕಾಲದಲ್ಲಿ ಹಬಸಿಗಳು ಸಮುದ್ರ ದಾಟಿ ನಮ್ಮೂರಿಗೇ ಬಂದಿದ್ದರು. ಗುಲಾಮರಾಗಿ ಮಾರಾಟವಾದವರಲ್ಲಿ ಕೆಲವರು ಸರದಾರರೂ ಆದರು. ಸರದಾರರ ಗೋರಿಗೆ ಗುಮ್ಮಟವಿದೆ, ಗುಮ್ಮಟಕ್ಕೆ ಪಾರಿವಾಳಗಳಿವೆ. ಸರದಾರರಾಗದವರು ಎಲ್ಲಿ ಹೋದರು ಎಂಬುದು ನನ್ನ ಪ್ರಬಂಧ.

ಅಂಥವನೊಬ್ಬ ಸಿಕ್ಕ. ಬಬಲೇಶ್ವರದ ಸಾಲೆಯಲ್ಲಿ ನನ್ನ ಕೈಯಲ್ಲಿ ಕಲಿತವನೊಬ್ಬ ಫೋನು ಮಾಡಿದ್ದ. ಟಿಕೋಟಾದ ಆಚೆ ಅವನ ಹೊಲದಲ್ಲಿ ಹಳೆಯ ಗೋರಿಯೊಂದಿದೆ. ಮನೆಯವರು ಅದನ್ನು ಹಬಸಿ ಅಜ್ಜ ಎನ್ನುತ್ತಾರೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ದಾಗ ಮೊದಲು ಅಜ್ಜನ ಎಡೆ, ಆಮೇಲೆ ಮನೆಯವರ ಊಟ. ಆದರೆ ಈ ಸಲ ಅಲ್ಲಿ ದ್ರಾಕ್ಷಿ ಪಡ ಹಾಕುವುದಿತ್ತು, ಬಳ್ಳಿಸಾಲಿಗೆಂದು ಎಳೆದ ಸುಣ್ಣದ ಗೆರೆ ಗೋರಿಯ ಮೇಲೆಯೇ ಹಾದಿತ್ತು. ತಾಯಿ ಒಪ್ಪಲಿಲ್ಲ. ಕೊನೆಗೆ ತಾಯಿ ಮಗ ಕರಾರು ಮಾಡಿಕೊಂಡರು: ಅಮಾವಾಸ್ಯೆಯ ದಿನ ಅಜ್ಜನನ್ನೇ ಕೇಳುವುದು. ಆತ ಏನೂ ಅನ್ನದಿದ್ದರೆ ಮರುದಿನ ಜೆಸಿಬಿ.

"ಅಜ್ಜ ಏನ್ ಮಾತಾಡ್ತಾನ್ರಿ ಸರ," ಎಂದು ಅವನು ನಕ್ಕ. "ನೋಡೋದಿದ್ರ ಅವತ್ತ ಬಂದುಬಿಡ್ರಿ."

ಬಸ್ಸಿಳಿದು ನಡೆದೆ. ಎರಡೂ ಬದಿಗೆ ಎದೆಯೆತ್ತರದ ಜೋಳ. ಗಾಳಿಯಿಲ್ಲದಿದ್ದರೂ ಅದು ಸರಸರ ಎನ್ನುತ್ತಿತ್ತು. ಹೊಲದ ನಡುವೆ ಬೇವಿನ ಮರ, ಅದರಡಿ ಮಡಿಸಿ ಹಾಸಿದ ಕರಿ ಕಂಬಳಿ, ಬಟ್ಟೆ ಮುಚ್ಚಿದ ತಾಟು. ಜೀವನವಿಡೀ ಹಾಸಿದ ಕಂಬಳಿಯ ಮೇಲೆ ಕೂತವನು ಮಾಸ್ತರ. ಗುರುಭಕ್ತಿ ಇನ್ನೂ ಉಳಿದಿದೆಯಲ್ಲ ಎಂದು ಪ್ರಸನ್ನನಾಗಿ ಕೂತೆ, ಹಿಂದಿನ ಕಲ್ಲಿಗೆ ಒರಗಿದೆ.

ಯಾರೂ 'ಬರ್ರಿ' ಅನ್ನಲಿಲ್ಲ. ನನ್ನ ಶಿಷ್ಯ ಮುಖ ತಿರುಗಿಸಿದ. ಮನೆಮಂದಿಯೆಲ್ಲ ಸಾಲಾಗಿ, ನನಗೆ ಬೆನ್ನು ಹಾಕಿ, ಜೋಳ ನೋಡುತ್ತ ಕೂತರು. ಅವನ ತಾಯಿ ತಲೆಯ ಮೇಲೆ ಸೆರಗೆಳೆದುಕೊಂಡು ಬಂದು, ಕಣ್ಣೆತ್ತದೆ ಸಜ್ಜಿ ಕಡುಬು, ಎಣ್ಣೆಗಾಯಿ ಬಡಿಸಿದರು. ಉಣ್ಣುತ್ತ ಕ್ಷೇಮ ವಿಚಾರಿಸಿದೆ. ಗೋರಿ ಎಷ್ಟು ತಲೆಮಾರಿನದು ಎಂದು ಕೇಳಿದೆ. ಒಂದು ತಲೆಯೂ ಇತ್ತ ತಿರುಗಲಿಲ್ಲ. ನನ್ನ ಇಡೀ ಸೇವಾವಧಿಯಲ್ಲಿ ಇಷ್ಟು ಶಿಸ್ತಿನ ತರಗತಿ ಕಂಡಿರಲಿಲ್ಲ. ಬೆನ್ನಿಗೆ ತಣ್ಣಗೆ ಹತ್ತುತ್ತಿದೆಯಲ್ಲ ಎಂದು ತಿರುಗಿ ನೋಡಿದೆ. ನಾನು ಒರಗಿದ್ದು ಗೋರಿಯ ತಲೆಗಲ್ಲಿಗೆ.

ಏಳಬೇಕೆಂದರೆ ಕೈ ಎಂಜಲು. ಅರ್ಧ ತಾಟು ಬಿಟ್ಟು ಏಳುವ ರೂಢಿ ನಮ್ಮಲ್ಲಿಲ್ಲ.

ಆಗ ಆಕೆ ನೆಲ ನೋಡುತ್ತಲೇ ಕೇಳಿದರು: "ಅಜ್ಜಾ, ಇಲ್ಲೇ ಇರ್ತೀಯೋ, ಹೊಂಟಿಯೋ? ಈ ಸಲ ಹೇಳಬೇಕ ನೋಡಪಾ, ನನ್ನ ಮಾತ ನಡೀವಲ್ದು."

ಸಂಶೋಧಕನಾದವನು ಮಧ್ಯೆ ಬಾಯಿ ಹಾಕಬಾರದೆಂದು ಪಾಠದಲ್ಲಿದೆ. ನಾನು ಸುಮ್ಮನಿರಲು ನಿಶ್ಚಯಿಸಿದ್ದೆ. ಬಾಯಲ್ಲಿ ಕಡುಬೂ ಇತ್ತು.

"ಇಲ್ಲೇ ಇರ್ತೇನಬೇ, ಯವ್ವಾ."

ದನಿ ಕೇಳಿತು. ಹುಡುಗರನ್ನು ಗದರಿಸಿ ಗದರಿಸಿ ನನ್ನ ದನಿ ಒಡೆದುಹೋಗಿ ವರ್ಷಗಳಾದವು. ಇದು ಮೆತ್ತಗಿತ್ತು, ಬಹಳ ದಿನ ಮಾತಾಡದವರ ದನಿಯಂತೆ. ಅದು ನನ್ನದೆಂದೂ ಪ್ರಮಾಣ ಮಾಡಲಾರೆ, ಅಲ್ಲವೆಂದೂ ಮಾಡಲಾರೆ. ಎದುರಿನ ಬೆನ್ನುಗಳೆಲ್ಲ ಒಮ್ಮೆ ಸೆಟೆದವು. ಆಕೆ ಕಣ್ಣೊರೆಸಿಕೊಂಡು, ಆಗಲೂ ನನ್ನ ಮುಖ ನೋಡದೆ, ಕೈಗೆ ನೀರು ಹಾಕಿದರು.

ಬಂದ ದಾರಿ ಹಿಡಿದೆ. ಹಿಂದೆ ಅವರು ಹೊಲದ ಸುತ್ತ ಬುತ್ತಿಯ ತುತ್ತು ತೂರಿ ಚರಗ ಚೆಲ್ಲುವ ಸದ್ದು ಕೇಳುತ್ತಿತ್ತು. ಬದು ದಾಟುತ್ತಲೇ ಶಿಷ್ಯ ಓಡಿಬಂದ.

"ಸರ, ಯಾವಾಗ ಬಂದ್ರಿ? ಅವ್ವ ನಿಮ್ಮ ದಾರಿ ಕಾಯಾಕತ್ತಾಳ."

ಮಾಸ್ತರನ ಕಣ್ಣಿನಿಂದ ಅವನ ಮುಖ ಪರೀಕ್ಷಿಸಿದೆ. ತಮಾಷೆಯ ಸುಳಿವಿರಲಿಲ್ಲ. ಕಂಬಳಿಯ ಮೇಲೆ ಕೂತವನನ್ನು ಯಾಕೆ ನೋಡುವುದಿಲ್ಲ ಎಂದು, ಬೇರೆ ಯಾರದೋ ಸುದ್ದಿಯೆಂಬಂತೆ ವಿಚಾರಿಸಿದೆ. ಅಜ್ಜ ಪರದೇಶಿ, ಉಣ್ಣುವಾಗ ಮುಖ ನೋಡಬಾರದಂತೆ, ಆತ ನಾಚುತ್ತಾನೆ. ಯಾವೂರವ, ಯಾರ ಮಗ, ಹೆಂಗ ಬಂದಿ ಎಂದು ಕೇಳಲೂಬಾರದಂತೆ. ನನ್ನ ಪದವಿಯ ಎರಡು ವರ್ಷದ ಪಾಠದಲ್ಲಿ ಇವನ್ನು ಬಿಟ್ಟು ಬೇರೆ ಪ್ರಶ್ನೆಗಳಿಲ್ಲ.

"ಅಜ್ಜ ಇರ್ತೇನಿ ಅಂದಾನ್ರಿ," ಎಂದ ಅವನು, ನನ್ನನ್ನು ಮತ್ತೆ ಬೇವಿನ ಕಡೆ ಕರೆದೊಯ್ದು ಸುಣ್ಣದ ಗೆರೆಯನ್ನು ಕಾಲಿನಿಂದ ಅಳಿಸುತ್ತ. "ಸಾಲು ಸುತ್ತಹಾಕಿ ಒಯ್ಯೋದು."

ತಾಯಿ ಈಗ ನನ್ನನ್ನು ನೇರ ನೋಡಿ, ಬಿಸಿಲಾಗ ಬಂದು ಹಸಿದೀರಿ, ಕೂಡ್ರಿ ಮಾಸ್ತರ ಎಂದರು. ಮನೆಯವರ ಸಾಲಿನಲ್ಲಿ, ಬೇವಿಗೆ ಬೆನ್ನು ಹಾಕಿ ಕೂತೆ. ಮತ್ತೆ ಕಡುಬು, ಮತ್ತೆ ಎಣ್ಣೆಗಾಯಿ. ತಾಟು ತುಂಬ ಉಂಡವನು ಇನ್ನು ಹೇಗೆ ಉಣ್ಣಲಿ ಎಂದುಕೊಂಡು ಮೊದಲ ತುತ್ತು ಇಟ್ಟೆ. ನಿಜಕ್ಕೂ ಹಸಿವಾಗಿತ್ತು, ಬೆಳಗಿನಿಂದ ಏನೂ ತಿಂದಿರದಂಥ ಹಸಿವು.